ನೆತ್ತರಿನ ವಹಿ

ಲೋಹಗಳ ಪೈಕಿ ಸೀಸದಷ್ಟು ಮನುಷ್ಯನ ಮಾತು ಕೇಳುವ ಲೋಹ ಮತ್ತೊಂದಿಲ್ಲ. ಕಬ್ಬಿಣವನ್ನು ಕರಗಿಸಬೇಕಾದರೆ ಕುಲುಮೆ ಬೇಕು, ತಿದಿ ಬೇಕು, ಅಪಾರವಾದ ಇದ್ದಲು ಬೇಕು. ಸೀಸವಾದರೋ 327 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸಾಮಾನ್ಯವಾದ ಒಲೆಯ ಮೇಲಿಟ್ಟ ಬಾಣಲೆಯಲ್ಲಿಯೇ ನೀರಾಗುತ್ತದೆ, ಉಗುರಿನಿಂದ ಗೀರಿದರೆ ಗೀರನ್ನು ತಾಳುತ್ತದೆ, ಸುತ್ತಿಗೆಯ ಪೆಟ್ಟಿಗೆ ಸಿಡಿಯದೆ ಹರಡಿಕೊಳ್ಳುತ್ತದೆ, ಮಳೆಗಾಳಿಗೆ ತುಕ್ಕು ಹಿಡಿದು ಉದುರುವುದಿಲ್ಲ. ಈ ವಿಧೇಯತೆಯ ಕಾರಣದಿಂದಲೇ ಪ್ರಾಚೀನ ರೋಮಿನ ನೀರಿನ ಕೊಳವೆಗಳಿಂದ ಮೊದಲ್ಗೊಂಡು ಇಂದಿನ ಮೋಟಾರುಗಾಡಿಯ ಬ್ಯಾಟರಿಯವರೆಗೆ ಅದನ್ನು ಜನ ಕೈಬಿಟ್ಟಿಲ್ಲ. ಕನ್ನಡದ ಓದುಗರಾದ ನಮಗಂತೂ ಅದರ ಋಣ ದೊಡ್ಡದು. ಕಳೆದ ಶತಮಾನದ ಬಹುಭಾಗ ನಮ್ಮ ಕಾವ್ಯ, ಕಾದಂಬರಿ, ವೃತ್ತಪತ್ರಿಕೆಗಳೆಲ್ಲವೂ ಸೀಸಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸಿ ಎರಕ ಹೊಯ್ದ ಮೊಳೆಗಳಿಂದಲೇ ಅಚ್ಚಾದುವು. ಆ ಮೊಳೆಗಳನ್ನು ದಿನವಿಡೀ ಬೆರಳಿನಲ್ಲಿ ಹಿಡಿದು ಜೋಡಿಸಿದವರ ಹೆಸರನ್ನು ಮಾತ್ರ ನಾವು ಪುಸ್ತಕಗಳಲ್ಲಿ ಕಾಣೆವು.

ಇಂತಹ ಲೋಹದೊಡನೆ ದುಡಿಯುವಾತನ ಮೈಯೊಳಗೆ ಅದು ಎಷ್ಟು ಸೇರಿದೆಯೆಂಬ ಲೆಕ್ಕವನ್ನು ಯಾರು ಬರೆಯುತ್ತಾರೆ, ಬರೆದುದನ್ನು ಎಲ್ಲಿ ಇಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬುದು ಇಂದಿನ ಭಾಷಣದ ವಿಷಯ. ಕೇಳಿದ ಕೂಡಲೆ ಇದು ಗುಮಾಸ್ತರಿಗೂ ವಕೀಲರಿಗೂ ಸಂಬಂಧಪಟ್ಟ ಸಂಗತಿಯೆಂದು ಶ್ರೋತೃಗಳಿಗೆ ತೋರಬಹುದು. ಆದರೆ ಈ ಲೆಕ್ಕವು ಸರಿಯಾಗಿದ್ದರೆ ಮನುಷ್ಯನು ಬದುಕುತ್ತಾನೆ, ತಪ್ಪಾಗಿದ್ದರೆ ಅಥವಾ ಮುಚ್ಚಿಟ್ಟಿದ್ದರೆ ಕೆಡುತ್ತಾನೆ. ಆದುದರಿಂದ ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಸೀಸವು ಮೈಯನ್ನು ಸೇರುವ ದಾರಿ ಎರಡು. ಕರಗಿದ ಲೋಹದಿಂದೇಳುವ ಹೊಗೆಯಾಗಿ, ಬ್ಯಾಟರಿಯ ಪ್ಲೇಟುಗಳಿಗೆ ಮೆತ್ತುವ ಸೀಸದ ಭಸ್ಮದ ಧೂಳಾಗಿ, ಅದು ಉಸಿರಿನೊಡನೆ ಒಳಹೊಗುತ್ತದೆ; ಅದೇ ಧೂಳು ಬೆರಳುಗಳಿಗೆ ಅಂಟಿ, ಬಿಡುವಿನಲ್ಲಿ ಸೇದುವ ಬೀಡಿಯೊಡನೆ, ಮೆಲ್ಲುವ ಎಲೆಅಡಿಕೆಯೊಡನೆ, ಊಟದ ತುತ್ತಿನೊಡನೆ ಹೊಟ್ಟೆಗಿಳಿಯುತ್ತದೆ. ಸಂಜೆ ಸ್ನಾನಮಾಡದೆ, ಬಟ್ಟೆ ಬದಲಿಸದೆ ಮನೆಗೆ ಹೋದರೆ ತೊಡೆಯೇರಿದ ಕೂಸಿಗೂ ಅದರ ಪಾಲು ಸಲ್ಲುತ್ತದೆ. ಒಳಸೇರಿದ ಸೀಸವನ್ನು ದೇಹವು ಸುಣ್ಣದ ಅಂಶವೆಂದು ಭ್ರಮಿಸಿ ಮೂಳೆಗಳಲ್ಲಿ ಸಂಗ್ರಹಿಸುತ್ತದೆ. ಪ್ರಾಯಸ್ಥರ ದೇಹದಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲ್ಪಟ್ಟು ಇರುವುದು ಮೂಳೆಯಲ್ಲಿಯೇ. ಮನೆವಾರ್ತೆಯ ಮಾತಿನಲ್ಲಿ ಹೇಳುವುದಾದರೆ, ರಕ್ತದಲ್ಲಿರುವುದು ಜೇಬಿನ ಚಿಲ್ಲರೆ, ಮೂಳೆಯಲ್ಲಿರುವುದು ಹೂತಿಟ್ಟ ಗಂಟು. ಸೀಸದ ಸಂಪರ್ಕವು ನಿಂತರೆ ರಕ್ತದ ಅಂಶವು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಬಹುಕಾಲ ದುಡಿದವನಲ್ಲಿ ಇನ್ನೂ ನಿಧಾನವಾಗಿ. ಮೂಳೆಯ ಗಂಟಾದರೋ ದಶಕಗಳವರೆಗೆ ಕರಗದೆ ಕುಳಿತಿದ್ದು, ಗರ್ಭಧಾರಣೆಯಲ್ಲಿ, ಮೊಲೆಯೂಡುವ ಕಾಲದಲ್ಲಿ, ಮೂಳೆ ಸವೆಯುವ ಮುಪ್ಪಿನಲ್ಲಿ ಮತ್ತೆ ರಕ್ತಕ್ಕೆ ಮರಳುತ್ತದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಉಸಿರಾಡಿದ ಧೂಳು ಅರುವತ್ತೈದರಲ್ಲಿ ಮೂತ್ರಪಿಂಡವನ್ನೂ ರಕ್ತದೊತ್ತಡವನ್ನೂ ಕಾಡಬಹುದು.

ಇದರಿಂದ ಹೊರಡುವ ಒಂದು ನಿಷ್ಕರ್ಷೆಯನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಒಂದೇ ಒಂದು ರಕ್ತಪರೀಕ್ಷೆಯ ಅಂಕಿ ಹೆಚ್ಚು ಕಡಮೆ ಈಚಿನ ಕೆಲವು ವಾರಗಳ ಕಥೆಯನ್ನು ಮಾತ್ರ ಹೇಳಬಲ್ಲುದು. ಪರೀಕ್ಷೆಗೆ ಮುಂಚೆ ಮೂರು ವಾರ ಒಬ್ಬನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರೆ ಅಂಕಿ ಇಳಿಯುತ್ತದೆ. ಇಳಿದ ಅಂಕಿಯನ್ನು ತೋರಿಸಿ ಎಲ್ಲವೂ ಕ್ಷೇಮವೆನ್ನಬಹುದು. ಆತನು ಸೇರಿದ ದಿನದಿಂದ ಇಂದಿನವರೆಗಿನ ಅಂಕಿಗಳನ್ನೆಲ್ಲ ಸಾಲಾಗಿ ಇಟ್ಟು, ಆಯಾ ಕಾಲದಲ್ಲಿ ಆತನು ನಿಂತು ದುಡಿದ ಸ್ಥಳದ ಗಾಳಿಯಲ್ಲಿ ಸೀಸವೆಷ್ಟಿದ್ದಿತೆಂಬುದನ್ನು ಪಕ್ಕದಲ್ಲಿ ಬರೆದರೆ ಮಾತ್ರ ಸತ್ಯವು ಗೋಚರವಾಗುತ್ತದೆ. ಅಂದಮೇಲೆ ಬೇಕಾದುದು ಎರಡು ವಹಿಗಳು, ಗಾಳಿಯದೊಂದು, ನೆತ್ತರಿನದೊಂದು, ಎರಡೂ ದೀರ್ಘಕಾಲದವಾಗಿರಬೇಕು.

ಯಂತ್ರದ ಚಕ್ರಕ್ಕೆ ಸಿಕ್ಕಿದ ಕೈ ಯಾರಿಗೂ ಕಾಣುತ್ತದೆ. ಸೀಸದ ಕೆಡುಕು ಹಾಗಲ್ಲ. ಮೊದಮೊದಲು ಆಯಾಸ, ಸಿಡುಕು, ನಿದ್ರೆಯಿಲ್ಲದಿರುವುದು, ಮಲಬದ್ಧತೆ. ಇವುಗಳಿಗೆ ಬಡವನ ಬಾಳಿನಲ್ಲಿ ಬೇರೆ ಕಾರಣಗಳಿಗೇನೂ ಕೊರತೆಯಿಲ್ಲವಾಗಿ ಸೀಸದ ಮೇಲೆ ಯಾರೂ ಸಂಶಯಪಡರು. ಮುಂದೆ ಹೊಟ್ಟೆಯನ್ನು ಹಿಂಡುವ ಶೂಲೆ, ರಕ್ತಹೀನತೆ, ವಸಡಿನಂಚಿನ ನೀಲಿಗೆರೆ, ಕೊನೆಗೆ ಮಣಿಕಟ್ಟು ಜೋತುಬಿದ್ದು ಕೈಯನ್ನು ಮೇಲೆತ್ತಲಾರದ ಸ್ಥಿತಿ. ಇಷ್ಟಾಗುವವರೆಗೆ ಆತನಿಗೆ ತನ್ನ ಸ್ಥಿತಿಯನ್ನು ತಿಳಿಸತಕ್ಕದ್ದು ಆ ಅಂಕಿಯೊಂದೇ. ಅದು ಮಾಲೀಕನ ಕಪಾಟಿನಲ್ಲಿ ಬೀಗದೊಳಗಿದ್ದರೆ ಆತನು ತನ್ನ ಶರೀರದ ವಿಷಯದಲ್ಲಿ ಪರಕೀಯನಾದಂತೆಯೇ ಸರಿ.

ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದಾಗ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ 'ನಿನ್ನ ಕಸುಬೇನು' ಎಂಬುದನ್ನೂ ಸೇರಿಸಿದನು. ಸೀಸದ ಮೆರುಗು ಕೊಡುವ ಕುಂಬಾರರ ನಡುಗುವ ಕೈಗಳನ್ನು ಆತನು ಕಂಡಿದ್ದನು. 1839ರಲ್ಲಿ ಪ್ಯಾರಿಸಿನ ತಾಂಕರೆಲ್ ಎಂಬ ವೈದ್ಯನು ಆಸ್ಪತ್ರೆಗೆ ಬಂದ ಸಾವಿರದ ಇನ್ನೂರಕ್ಕೂ ಮೇಲ್ಪಟ್ಟ ಸೀಸರೋಗಿಗಳ ವೃತ್ತಾಂತವನ್ನು ಕಸುಬುವಾರಾಗಿ ಬರೆದಿಟ್ಟನು. ಇಂಗ್ಲೆಂಡಿನಲ್ಲಿ 1895ರ ಕಾಯಿದೆಯು ಸೀಸದ ವಿಷಬಾಧೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವನ್ನಾಗಿ ಮಾಡಿತು; 1898ರಲ್ಲಿ ಕಾರ್ಖಾನೆಗಳ ಪ್ರಪ್ರಥಮ ವೈದ್ಯನಿರೀಕ್ಷಕನಾಗಿ ನೇಮಕಗೊಂಡ ಥಾಮಸ್ ಲೆಗ್ ಎಂಬಾತನು ಆ ವರದಿಗಳನ್ನು ಕಾಲು ಶತಮಾನಕ್ಕೂ ಮಿಕ್ಕಿ ಓದಿದನು. ಓದಿ ಓದಿ ಆತನು ಕಂಡುಕೊಂಡ ತತ್ತ್ವಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಮಾಲೀಕನು ತನ್ನಿಂದಾಗುವುದೆಲ್ಲವನ್ನೂ ಮಾಡಿ ಮುಗಿಸುವವರೆಗೆ ಕೆಲಸಗಾರನು ತನ್ನ ರಕ್ಷಣೆಗಾಗಿ ಮಾಡಿಕೊಳ್ಳಬಹುದಾದುದು ಬಹುಮಟ್ಟಿಗೆ ಏನೂ ಇಲ್ಲವೆಂಬುದು ಒಂದು. ತಾನು ಮುಟ್ಟುವ ಪದಾರ್ಥದ ಅಪಾಯವನ್ನು ಕೆಲಸಗಾರನಿಗೆ ಮೊದಲೇ ಹೇಳತಕ್ಕದ್ದು, ಪ್ರಾಣವನ್ನು ತೆತ್ತು ಆತನೇ ಕಂಡುಕೊಳ್ಳಲೆಂದು ಬಿಡತಕ್ಕದ್ದಲ್ಲವೆಂಬುದು ಇನ್ನೊಂದು. ಈ ಲೆಗ್ ಮಹಾಶಯನು, ಮನೆಗಳ ಒಳಭಾಗಕ್ಕೆ ಸೀಸದ ಬಿಳಿಬಣ್ಣ ಬಳಿಯುವುದನ್ನು ನಿಷೇಧಿಸುವ 1921ರ ಅಂತರರಾಷ್ಟ್ರೀಯ ಒಪ್ಪಂದವನ್ನು ತನ್ನ ಸರ್ಕಾರವು ಅಂಗೀಕರಿಸಲಿಲ್ಲವೆಂಬ ಕಾರಣಕ್ಕಾಗಿ 1926ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟನು. ತತ್ತ್ವವನ್ನು ಹೇಳಿ ಸಂಬಳವನ್ನು ಉಳಿಸಿಕೊಳ್ಳುವುದು ಲೋಕರೂಢಿ. ಆತನು ಹಾಗೆ ಮಾಡಲಿಲ್ಲ.

ಇನ್ನು ಅಮೆರಿಕಕ್ಕೆ ಬರೋಣ. ಅಲ್ಲಿ 1910ರಲ್ಲಿ ಯಾವ ವಹಿಯೂ ಇರಲಿಲ್ಲ. ಇಲಿನಾಯ್ ರಾಜ್ಯದ ಸರ್ಕಾರವು ಕಸುಬಿನ ರೋಗಗಳ ಪರಿಶೀಲನೆಗೆಂದು ನೇಮಿಸಿದ ಸಮಿತಿಯ ಪರವಾಗಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಶಿಕಾಗೊ ನಗರದ ಕಾರ್ಖಾನೆಗಳನ್ನು ಸುತ್ತತೊಡಗಿದಳು. ಸೀಸವು ಎಲ್ಲೆಲ್ಲಿ ಬಳಕೆಯಾಗುತ್ತಿದೆಯೆಂದು ಹೇಳುವ ಪಟ್ಟಿಯೊಂದು ಸಹ ಆಕೆಗೆ ಸಿಗಲಿಲ್ಲ. ಆಕೆ ಆಸ್ಪತ್ರೆಗಳ ದಾಖಲೆಗಳನ್ನು ತಿರುವಿಹಾಕಿದಳು, ಔಷಧದಂಗಡಿಯವರನ್ನೂ ಪಾದ್ರಿಗಳನ್ನೂ ವಿಚಾರಿಸಿದಳು, ಪೋಲೆಂಡು ಮೊದಲಾದ ದೇಶಗಳಿಂದ ವಲಸೆ ಬಂದ ಕೂಲಿಗಾರರ ಮನೆಗಳಿಗೆ ಹೋಗಿ ಹೆಂಡಿರನ್ನು ಮಾತನಾಡಿಸಿದಳು. ಹೀಗೆ ಹುಡುಕಿದಾಗ ಜನರನ್ನು ಸೀಸದ ವಿಷಕ್ಕೆ ಒಡ್ಡತಕ್ಕ ಎಪ್ಪತ್ತಕ್ಕೂ ಹೆಚ್ಚು ಬಗೆಯ ಕೆಲಸಗಳು ಬೆಳಕಿಗೆ ಬಂದುವು. ಸ್ನಾನದ ತೊಟ್ಟಿಗೆ ಬಿಳಿಯ ಎನಾಮಲ್ ಕೊಡುವ ಕೆಲಸವು ಅವುಗಳಲ್ಲೊಂದು.

ಆಕೆಯ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ನ್ಯಾಷನಲ್ ಲೆಡ್ ಕಂಪನಿಯ ಉಪಾಧ್ಯಕ್ಷನಾದ ಎಡ್ವರ್ಡ್ ಕಾರ್ನಿಶ್ ಎಂಬಾತನಿಗೆ, ನಿಮ್ಮ ಕಾರ್ಖಾನೆಯಲ್ಲಿ ಜನರು ವಿಷಬಾಧೆಗೆ ಒಳಗಾಗುತ್ತಿದ್ದಾರೆಂದು ಆಕೆ ಹೇಳಿದಾಗ ಆತನು ಕೆರಳಿದನು, ಆದರೆ ಬಾಗಿಲು ತೋರಿಸಲಿಲ್ಲ. ರುಜುವಾತು ಮಾಡಿ ತೋರಿಸಿದರೆ ಹೇಳಿದಂತೆ ನಡೆದುಕೊಳ್ಳುವೆನೆಂದನು. ಆಸ್ಪತ್ರೆ ಸೇರಬೇಕಾದಷ್ಟು ತೀವ್ರವಾಗಿ ಸೀಸದಿಂದ ನರಳಿದ ಇಪ್ಪತ್ತೆರಡು ಮಂದಿಯ ವಿವರಗಳನ್ನು ಆಕೆ ತಂದು ಆತನ ಮುಂದಿಟ್ಟಳು. ಆತನು ಕೊಟ್ಟ ಮಾತಿನಂತೆ ಧೂಳನ್ನು ಹೀರಿ ಹೊರಹಾಕುವ ಏರ್ಪಾಡುಗಳನ್ನು ಮಾಡಿಸಿ, ಕೆಲಸಗಾರರನ್ನು ಪರೀಕ್ಷಿಸಲು ವೈದ್ಯರನ್ನು ನೇಮಿಸಿದನು. ಕಾರ್ನಿಶನ ಸತ್ಯಸಂಧತೆಯನ್ನು ಹೊಗಳತಕ್ಕದ್ದೇ. ಆದರೆ ನನಗೆ ಈ ಪ್ರಸಂಗದಲ್ಲಿ ಮುಖ್ಯವಾಗಿ ತೋರುವ ಅಂಶ ಬೇರೆ. ತನ್ನ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಅದರ ಅಧಿಕಾರಿಯೇ ಅರಿಯನು. ರೋಗಿಗಳಿಗೆ ತಮ್ಮ ಹೊಟ್ಟೆನೋವಿನ ಮೂಲ ತಿಳಿಯದು. ಆಸ್ಪತ್ರೆಯವರು ಚೀಟಿ ಬರೆದು ಕಡತಕ್ಕೆ ಸೇರಿಸಿದರು. ಮೂವರಲ್ಲಿಯೂ ತುಂಡುತುಂಡಾಗಿದ್ದ ತಿಳಿವಳಿಕೆಯನ್ನು ಒಬ್ಬಳು ಹೊರಗಿನವಳು ಮನೆಮನೆ ಅಲೆದು ಹೊಂದಿಸಬೇಕಾಯಿತು. ಪ್ರತಿಯೊಂದು ಊರಿಗೂ ಒಬ್ಬಳು ಹ್ಯಾಮಿಲ್ಟನ್ ದೊರೆಯುವಳೆಂದು ನಂಬಿ ಶಾಸನ ರಚಿಸುವಂತಿಲ್ಲವಷ್ಟೆ.

ಆ ಅಲೆದಾಟವನ್ನು ಕಾನೂನಿನ ಕ್ರಮವನ್ನಾಗಿ ಮಾಡುವುದಕ್ಕೆ ಅಮೆರಿಕಕ್ಕೆ ಇನ್ನೂ ಏಳು ದಶಕಗಳು ಹಿಡಿದುವು. ಯೂಲಾ ಬಿಂಗ್‌ಹ್ಯಾಮ್ ಎಂಬ ವಿಜ್ಞಾನಿಯು ಅಲ್ಲಿನ ಔದ್ಯೋಗಿಕ ಸುರಕ್ಷತಾ ಇಲಾಖೆಯ ಮುಖ್ಯಸ್ಥೆಯಾಗಿದ್ದಾಗ, 1978ರಲ್ಲಿ, ಸೀಸಕ್ಕೆ ಸಂಬಂಧಪಟ್ಟ ನಿಯಮಾವಳಿಯು ಹೊರಬಂದಿತು. ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸೀಸವು 50 ಮೈಕ್ರೊಗ್ರಾಂ ಮೀರಕೂಡದು. ಮೈಕ್ರೊಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಪಾಲು. ಗಾಳಿಯನ್ನು ಅಳೆದ ಫಲಿತಾಂಶವನ್ನು ಆಯಾ ಕೆಲಸಗಾರನಿಗೆ ಬರಹದಲ್ಲಿ ತಿಳಿಸಬೇಕು, ಅಥವಾ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ ಸೀಸವು 40 ಮೈಕ್ರೊಗ್ರಾಂ ದಾಟಿದರೆ ಐದು ಕೆಲಸದ ದಿನಗಳೊಳಗಾಗಿ ಆತನಿಗೆ ಲಿಖಿತವಾಗಿ ಹೇಳಬೇಕು. 1980ರಲ್ಲಿ ಇದರ ಬೆನ್ನಿಗೇ ಮತ್ತೊಂದು ನಿಯಮ ಬಂದಿತು. ಯಾವುದೇ ವಿಷಪದಾರ್ಥದ ವಿಚಾರದಲ್ಲಿಯೂ ಸಂಪರ್ಕದ ದಾಖಲೆಗಳನ್ನು ಮೂವತ್ತು ವರ್ಷ ಕಾಪಾಡಬೇಕು. ವೈದ್ಯಕೀಯ ದಾಖಲೆಗಳನ್ನು ಆತನು ಕೆಲಸದಲ್ಲಿರುವಷ್ಟು ಕಾಲವೂ, ಬಿಟ್ಟ ಮೇಲೆ ಮತ್ತೆ ಮೂವತ್ತು ವರ್ಷವೂ ಇಡಬೇಕು. ಕೇಳಿದರೆ ಹದಿನೈದು ಕೆಲಸದ ದಿನಗಳೊಳಗೆ ತೋರಿಸಬೇಕು, ನಕಲನ್ನೂ ಕೊಡಬೇಕು. ಮೂಳೆಯಲ್ಲಿನ ಗಂಟಿನ ವಿಷಯವನ್ನು ಆಗಲೆ ಹೇಳಿದೆನಾಗಿ, ಮೂವತ್ತು ವರ್ಷವೆಂಬುದು ಏತಕ್ಕೆಂದು ತಮಗೆ ಬಿಡಿಸಿ ಹೇಳಬೇಕಾದುದಿಲ್ಲ.

ಈ ನಿಯಮಾವಳಿಯ ಅತ್ಯಂತ ವಿವೇಕದ ಭಾಗವು ಬೇರೊಂದೆಡೆಯಲ್ಲಿದೆ. ರಕ್ತದ ಅಂಕಿ 60ನ್ನು ಮುಟ್ಟಿದರೆ, ಅಥವಾ ಈಚಿನ ಪರೀಕ್ಷೆಗಳ ಸರಾಸರಿ 50ನ್ನು ಮುಟ್ಟಿದರೆ, ಆತನನ್ನು ಸೀಸವಿಲ್ಲದ ಕೆಲಸಕ್ಕೆ ಬದಲಾಯಿಸಬೇಕು. ಹಾಗೆ ಬದಲಾಯಿಸಿದ ಅವಧಿಯಲ್ಲಿ, ಹದಿನೆಂಟು ತಿಂಗಳವರೆಗೂ, ಆತನ ಸಂಬಳವಾಗಲಿ ಹಿರಿತನವಾಗಲಿ ಕಿಂಚಿತ್ತೂ ಕಡಮೆಯಾಗಕೂಡದು. ಇದಿಲ್ಲದಿದ್ದರೆ ಆಗುವುದೇನು? ಅಂಕಿ ಏರಿದರೆ ಕೂಲಿ ಹೋಗುವುದೆಂದು ತಿಳಿದವನು ರಕ್ತ ಕೊಡಲು ಒಪ್ಪನು, ಹೊಟ್ಟೆಶೂಲೆಯನ್ನು ವೈದ್ಯನಿಂದ ಮರೆಮಾಡುವನು, ತನ್ನ ಕಡತವನ್ನು ತಾನೇ ದ್ವೇಷಿಸುವನು. ವಹಿಯನ್ನು ನೋಡುವ ಹಕ್ಕಿಗೂ, ವಹಿಯಲ್ಲಿ ಕೆಟ್ಟ ಅಂಕಿ ಬಿದ್ದಾಗ ಅನ್ನಕ್ಕೆ ಎರವಾಗದಿರುವ ಹಕ್ಕಿಗೂ ಇರುವ ಸಂಬಂಧವನ್ನು ನಮ್ಮಲ್ಲಿ ಸಾಕಷ್ಟು ಮಂದಿ ಗ್ರಹಿಸಿಲ್ಲವೆಂಬುದು ನನ್ನ ಅಭಿಪ್ರಾಯ. ಎರಡನೆಯದಿಲ್ಲದೆ ಮೊದಲನೆಯದನ್ನು ಕೊಟ್ಟರೆ ಆತನ ಕೈಗೆ ಬರುವುದು ಆತನನ್ನೇ ಹೊರದೂಡುವ ಕಾಗದ.

ವಹಿಯ ಅಂಕಿಯನ್ನು ತಿದ್ದದೆಯೇ ಸುಳ್ಳು ಹೇಳಿಸುವ ಉಪಾಯವೂ ಒಂದಿದ್ದಿತು. ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಗಳುಂಟು. ಕಾಯಿಲೆಬಿದ್ದವರಿಗೆ ಕೊಡತಕ್ಕ ಈ ಔಷಧಗಳನ್ನು, ಅದೇ ಧೂಳಿನಲ್ಲಿ ದುಡಿಯುತ್ತಿರುವವರಿಗೆ ಮುಂಜಾಗ್ರತೆಯೆಂಬ ಹೆಸರಿನಿಂದ ಕೊಟ್ಟು ಅಂಕಿಯನ್ನು ತಗ್ಗಿಸಿ ಮತ್ತೆ ಅದೇ ಕೆಲಸಕ್ಕೆ ಹಚ್ಚುತ್ತಿದ್ದರು. 1978ರ ನಿಯಮವು ಇದನ್ನು ಸ್ಪಷ್ಟವಾಗಿ ನಿಷೇಧಿಸಿತು. ಗಾಳಿಯ ವಹಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ನಾನು ಹೇಳಿದುದರ ಅರ್ಥವು ಇಲ್ಲಿ ಇನ್ನಷ್ಟು ವಿಶದವಾಗುತ್ತದೆ.

ಹೆಂಗಸರ ವಿಷಯದಲ್ಲಿ ಸೀಸದ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಮರೆಯುವಂತಿಲ್ಲ. ಪಶ್ಚಿಮ ವರ್ಜೀನಿಯದ ವಿಲೋ ಐಲೆಂಡ್ ಎಂಬಲ್ಲಿದ್ದ ಅಮೆರಿಕನ್ ಸಯನಮಿಡ್ ಕಂಪನಿಯು, ಮಕ್ಕಳನ್ನು ಹೆರಬಲ್ಲ ಹೆಂಗಸರು ಸೀಸದ ಬಣ್ಣದ ವಿಭಾಗದಲ್ಲಿರಕೂಡದೆಂದು ಸಾರಿದಾಗ, 1978ರಲ್ಲಿ ಐವರು ಹೆಂಗಸರು ಕೆಲಸವನ್ನು ಉಳಿಸಿಕೊಳ್ಳುವುದಕ್ಕಾಗಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡರು. ಜಾನ್ಸನ್ ಕಂಟ್ರೋಲ್ಸ್ ಎಂಬ ಬ್ಯಾಟರಿ ತಯಾರಕರ ಇಂತಹದೇ ನಿಷೇಧವನ್ನು 1991ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಸೀಸವು ಗಂಡಸಿನ ವೀರ್ಯವನ್ನೂ ಕೆಡಿಸುತ್ತದೆಂಬುದು ತಿಳಿದಿದ್ದರೂ ಹೆಂಗಸನ್ನು ಮಾತ್ರ ಹೊರಗಿಟ್ಟು ಗಾಳಿಯನ್ನು ಹಾಗೆಯೇ ಬಿಡುವುದು ಮಾಲೀಕರಿಗೆ ಸುಲಭವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಗಾಳಿಯನ್ನು ಶುದ್ಧಗೊಳಿಸಲು ಹಣ ಬೇಕು.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಸಾಲಿನಲ್ಲಿ, ಮೊದಲನೆಯ ಸ್ಥಾನ ಸೀಸದ ವಿಷಬಾಧೆಗೇ ಸಂದಿತು. ಆದರೆ ಕೆಲಸಗಾರನಿಗೆ ತಿಳಿಸುವ ಮಾತನ್ನು ಕಾಯಿದೆಯು ಗಟ್ಟಿಯಾಗಿ ಆಡುವುದಕ್ಕೆ ಭೋಪಾಲದ ದುರಂತವೇ ನಡೆಯಬೇಕಾಯಿತು. 1984ರ ಡಿಸೆಂಬರಿನ ಆ ರಾತ್ರಿ ಜನರು ಉಸಿರುಕಟ್ಟಿ ಆಸ್ಪತ್ರೆಗೆ ಬಂದಾಗ, ಅವರು ಉಸಿರಾಡಿದ ವಿಷದ ಸ್ವರೂಪವೇನು, ಚಿಕಿತ್ಸೆಯೇನು ಎಂಬುದು ವೈದ್ಯರಿಗೂ ತಿಳಿದಿರಲಿಲ್ಲ. 1987ರ ತಿದ್ದುಪಡಿಯು ಅಪಾಯಕರ ಪ್ರಕ್ರಿಯೆಗಳ ಬಗೆಗೆ ಹೊಸ ಅಧ್ಯಾಯವೊಂದನ್ನೇ ಸೇರಿಸಿತು. ಅದರ 41-ಬಿ ಕಲಮಿನಂತೆ ಅಪಾಯಗಳನ್ನೂ ಅವುಗಳಿಂದ ಪಾರಾಗುವ ಕ್ರಮಗಳನ್ನೂ ಕೆಲಸಗಾರರಿಗೂ ನಿರೀಕ್ಷಕರಿಗೂ ಸ್ಥಳೀಯ ಸಂಸ್ಥೆಗೂ ನೆರೆಯ ನಿವಾಸಿಗಳಿಗೂ ಮಾಲೀಕನು ತಿಳಿಸತಕ್ಕದ್ದು. 41-ಸಿ ಕಲಮಿನಂತೆ ವಿಷಪದಾರ್ಥಗಳ ಸಂಪರ್ಕಕ್ಕೆ ಬರುವವರ ಆರೋಗ್ಯದ ದಾಖಲೆಗಳನ್ನು ನಿಖರವಾಗಿಯೂ ಅಂದಂದಿಗೆ ಪೂರ್ಣವಾಗಿಯೂ ಇಟ್ಟು, ನಿಯಮಗಳಿಗೆ ಒಳಪಟ್ಟು, ಕೆಲಸಗಾರರಿಗೆ ದೊರೆಯುವಂತೆ ಮಾಡತಕ್ಕದ್ದು. 111-ಎ ಕಲಮು ಆರೋಗ್ಯ ಮತ್ತು ಸುರಕ್ಷತೆಯ ಮಾಹಿತಿಯನ್ನು ಮಾಲೀಕನಿಂದ ಪಡೆಯುವುದು ಕೆಲಸಗಾರನ ಹಕ್ಕೆಂದೇ ಹೇಳಿತು. ಈಚೆಗೆ, 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯು ಈ ಕಾಯಿದೆಯನ್ನು ತನ್ನೊಳಗೆ ಅಡಕಮಾಡಿಕೊಂಡು ಕಲಮುಗಳ ಸಂಖ್ಯೆಗಳನ್ನು ಬದಲಾಯಿಸಿತು, ಹಕ್ಕುಗಳು ಉಳಿದುವು. ಹಳೆಯ ಸಂಖ್ಯೆಗಳು ಕಾರ್ಮಿಕ ಸಂಘಗಳವರ ಬಾಯಲ್ಲಿ ರೂಢಿಯಾಗಿರುವುದರಿಂದ ನಾನೂ ಅವುಗಳನ್ನೇ ಹಿಡಿದಿದ್ದೇನೆ.

ಗಾಳಿಯ ಮಿತಿಯ ವಿಷಯದಲ್ಲಿ ಮಾತ್ರ ಹೆಮ್ಮೆಪಡುವಂತಹದೇನೂ ಇಲ್ಲ. 1948ರ ಕಾಯಿದೆಯ ಎರಡನೆಯ ಅನುಸೂಚಿಯು ಒಂದು ಘನಮೀಟರಿಗೆ 0.15 ಮಿಲಿಗ್ರಾಂ, ಎಂದರೆ 150 ಮೈಕ್ರೊಗ್ರಾಂ ಸೀಸವನ್ನು ಸಹಿಸಿತು. ಅಮೆರಿಕದ 1978ರ ಮಿತಿಗೆ ಇದು ಮೂರುಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯಾದರೋ ಇಷ್ಟು ಸೀಸವಿದ್ದರೆ ಬಾಧಕವಿಲ್ಲವೆಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲವೆನ್ನುತ್ತದೆ. ಆದಕಾರಣ 'ಮಿತಿಯೊಳಗಿದೆ' ಎಂಬ ಒಂದು ಮಾತನ್ನು ಕೇಳಿ ತೃಪ್ತನಾಗತಕ್ಕವನು ದುಡಿಯುವವನಲ್ಲ. ಅಂಕಿಯೆಷ್ಟು, ಯಾವ ಮಾನದಲ್ಲಿ, ಯಾವ ತಾರೀಖಿನಂದು, ಯಾವ ಪ್ರಯೋಗಶಾಲೆಯಲ್ಲಿ ಎಂದು ಆತನು ಕೇಳಬೇಕು. ವೈದ್ಯಕೀಯ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ನಾರ್ಮಲ್' ಎಂದು ಬರೆದು ಸಹಿ ಹಾಕಿಸಿಕೊಳ್ಳುವುದು ಹಕ್ಕನ್ನು ಸಲ್ಲಿಸಿದಂತಾಗಲಾರದು. ಓದಲಾರದ ಭಾಷೆಯಲ್ಲಿ ಕೊಟ್ಟ ಮಾಹಿತಿಯು ಕೊಡದಿದ್ದುದಕ್ಕಿಂತ ಹೆಚ್ಚಿನದೇನೂ ಅಲ್ಲ.

ದಾಖಲೆಯನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಉತ್ತರ ಕೊಟ್ಟಿದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವು ಕಲ್ನಾರಿನ ಕೆಲಸಗಾರರ ಪರವಾಗಿ ತಂದ ಮೊಕದ್ದಮೆ ಅದು. ಕೆಲಸಗಾರನ ಆರೋಗ್ಯವು ಸಂವಿಧಾನದ 21ನೆಯ ವಿಧಿಯು ರಕ್ಷಿಸುವ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟಂದಿನಿಂದ 15 ವರ್ಷ, ಇವೆರಡರಲ್ಲಿ ಯಾವುದು ತಡವಾಗಿ ಮುಗಿಯುವುದೋ ಅಷ್ಟು ಕಾಲ ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಇಡಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಆ ಆಜ್ಞೆ ಕಲ್ನಾರಿನ ಕಾರ್ಖಾನೆಗಳಿಗೆ ಸಂಬಂಧಿಸಿದ್ದು; ಅದರ ಹಿಂದಿನ ತರ್ಕವಾದರೋ ಮೂಳೆಯಲ್ಲಿ ದಶಕಗಳ ಕಾಲ ಕೂರುವ ಸೀಸಕ್ಕೂ ಅಕ್ಷರಶಃ ಹೊಂದುತ್ತದೆ.

ಮಾಲೀಕನು ದಾಖಲೆಯನ್ನು ಕೊಡದಿದ್ದರೆ ಮಾಡತಕ್ಕದ್ದೇನು? 2005ರ ಮಾಹಿತಿ ಹಕ್ಕು ಕಾಯಿದೆಯು ಸರ್ಕಾರಿ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಜನರು ಭಾವಿಸುವುದುಂಟು. ಆದರೆ ಆ ಕಾಯಿದೆಯು 'ಮಾಹಿತಿ' ಎಂಬುದಕ್ಕೆ ಕೊಟ್ಟಿರುವ ನಿರೂಪಣೆಯಲ್ಲಿ, ಬೇರೆ ಯಾವುದೇ ಕಾನೂನಿನ ಬಲದಿಂದ ಸರ್ಕಾರವು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಅಡಕವಾಗಿದೆ. ಕಾರ್ಖಾನೆಯ ವಹಿಗಳನ್ನು ತರಿಸಿ ನೋಡುವ ಅಧಿಕಾರ ನಿರೀಕ್ಷಕರಿಗೆ ಇದೆಯಷ್ಟೆ. ಆದುದರಿಂದ ಕರ್ನಾಟಕದಲ್ಲಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಹತ್ತು ರೂಪಾಯಿ ಶುಲ್ಕದೊಡನೆ, ಇಂತಹ ಕಾರ್ಖಾನೆಯ ಇಂತಹ ವಿಭಾಗದಲ್ಲಿ ಗಾಳಿಯನ್ನು ಅಳೆದ ಫಲಿತಾಂಶಗಳನ್ನು ಕೊಡಿರೆಂದು ಅರ್ಜಿ ಹಾಕಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಪ್ರಾಣಕ್ಕೆ ಸಂಬಂಧಿಸಿದ್ದಾದರೆ ನಲವತ್ತೆಂಟು ಗಂಟೆಗಳೊಳಗೆ. ವ್ಯಾಪಾರರಹಸ್ಯವೆಂಬ ಆಕ್ಷೇಪಣೆ ಬಂದೀತು. ಕಾರ್ಖಾನೆಯ ಗಾಳಿಯಲ್ಲಿ ಹಾರುವ ಧೂಳಿನಲ್ಲಿ ಯಾವ ವ್ಯಾಪಾರದ ರಹಸ್ಯವಿದೆಯೆಂದು ಮರಳಿ ಕೇಳಬಹುದು. ಗಾಳಿಯ ಅಂಕಿಗೆ ಯಾವನ ಹೆಸರೂ ಅಂಟಿಕೊಂಡಿಲ್ಲ.

ನೆತ್ತರಿನ ಅಂಕಿಯ ಮಾತು ಬೇರೆ. ಅದು ಆಯಾ ವ್ಯಕ್ತಿಯ ಗುಟ್ಟು. ತನ್ನದನ್ನು ತಾನು ನೋಡುವ ಹಕ್ಕು ಎಷ್ಟು ದೊಡ್ಡದೋ, ಮೇಸ್ತ್ರಿಯೂ ಪಕ್ಕದವನೂ ಅದನ್ನು ನೋಡದಂತೆ ಕಾಪಾಡಿಕೊಳ್ಳುವ ಹಕ್ಕೂ ಅಷ್ಟೇ ದೊಡ್ಡದು. ಹೆಸರುಗಳನ್ನು ಮರೆಮಾಡಿ, ಈ ವಿಭಾಗದಲ್ಲಿ ಇಷ್ಟು ಮಂದಿಯ ಅಂಕಿ ಇಷ್ಟರ ಮೇಲಿದೆಯೆಂದು ಒಟ್ಟಾರೆ ಲೆಕ್ಕವನ್ನು ಸಂಘಕ್ಕೆ ತಿಳಿಸಿದರೆ ಗುಟ್ಟೂ ಉಳಿಯುತ್ತದೆ, ವಿಭಾಗದ ಸ್ಥಿತಿಯೂ ತಿಳಿಯುತ್ತದೆ.

ಸರ್ಕಾರದ ಕಡತದಲ್ಲಿಯೇ ಏನೂ ಇಲ್ಲದಿದ್ದರೆ? ಸೀಸದ ರೋಗಿಯನ್ನು ಕಂಡ ವೈದ್ಯನು ಮುಖ್ಯ ನಿರೀಕ್ಷಕರಿಗೆ ವರದಿ ಕಳುಹಿಸತಕ್ಕದ್ದೆಂದು ಕಾರ್ಖಾನೆಗಳ ಕಾಯಿದೆಯ 89ನೆಯ ಕಲಮು ಹೇಳಿತು, ತಪ್ಪಿದರೆ ಸಾವಿರ ರೂಪಾಯಿಯವರೆಗೆ ದಂಡವೆಂದೂ ಹೇಳಿತು. ಆದರೆ ಕಸುಬೇನೆಂದು ಕೇಳದ ವೈದ್ಯನು ಸೀಸದ ರೋಗವನ್ನು ಗುರುತಿಸುವುದೆಂತು? ರಾಮಾಝಿನಿಯ ಪ್ರಶ್ನೆಗೆ ಮುನ್ನೂರು ವರ್ಷ ತುಂಬಿದ ಮೇಲೆಯೂ ನಮ್ಮ ಬಹುಪಾಲು ಹೊರರೋಗಿಗಳ ಚೀಟಿಗಳಲ್ಲಿ ಅದಕ್ಕೆ ಒಂದು ಸಾಲಿನ ಎಡೆಯಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನೆಲೆಗೊಂಡ ಸೀಸವಿಷದ ರಾಷ್ಟ್ರೀಯ ಕೇಂದ್ರವೂ, ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಔದ್ಯೋಗಿಕ ಆರೋಗ್ಯ ಕೇಂದ್ರವೂ ರಕ್ತದಲ್ಲಿನ ಸೀಸದ ವಿಚಾರವಾಗಿ ಬಹಳ ಕೆಲಸ ಮಾಡಿವೆ. ವಿದ್ಯೆ ನಮ್ಮ ಊರಿನಲ್ಲಿಯೇ ಇದೆ.

ಗುತ್ತಿಗೆಯ ಕೂಲಿಗಳ ಪಾಡು ಇನ್ನೂ ತೊಡಕಿನದು. ಅವರ ಹೆಸರು ಕಾರ್ಖಾನೆಯ ವಹಿಯಲ್ಲಿರದೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿರುತ್ತದೆ. ಗುತ್ತಿಗೆದಾರನು ಬದಲಾದರೆ ಪುಸ್ತಕವೂ ಆತನೊಡನೆ ಹೋಗುತ್ತದೆ. ಅವರಿಗಿಂತಲೂ ಕೆಳಗಿನವರುಂಟು. ಗುಜರಿಗೆ ಬಂದ ಹಳೆಯ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ಪ್ಲೇಟುಗಳನ್ನು ಬಯಲಿನಲ್ಲಿಯೇ ಕರಗಿಸುವ ಶೆಡ್ಡುಗಳಲ್ಲಿ ನಾಲ್ಕೈದು ಮಂದಿ ದುಡಿಯುತ್ತಾರೆ. ವಿದ್ಯುಚ್ಛಕ್ತಿ ಬಳಸಿದರೆ ಹತ್ತು, ಇಲ್ಲದಿದ್ದರೆ ಇಪ್ಪತ್ತು ಮಂದಿ ಇದ್ದಲ್ಲಿ ಮಾತ್ರ ಹಳೆಯ ಕಾಯಿದೆಯು ಕಾಲಿಡುತ್ತಿತ್ತು. ಹೊಸ ಸಂಹಿತೆಯು ಆ ಸಂಖ್ಯೆಗಳನ್ನು ಇಪ್ಪತ್ತಕ್ಕೂ ನಲವತ್ತಕ್ಕೂ ಏರಿಸಿದೆ. ಅಪಾಯಕರವಾದ ಕೆಲಸವೆಂದು ಅಧಿಸೂಚನೆ ಹೊರಡಿಸಿ ಚಿಕ್ಕ ಶೆಡ್ಡುಗಳಿಗೂ ಕಾನೂನನ್ನು ವಿಸ್ತರಿಸುವ ಅಧಿಕಾರವು ಸರ್ಕಾರದ ಕೈಯಲ್ಲಿದೆ. ಹಳೆಯ ಬ್ಯಾಟರಿಯನ್ನು ಕೊಟ್ಟು ಹೊಸದರ ಬೆಲೆಯಲ್ಲಿ ಕೆಲವು ನೂರು ರೂಪಾಯಿ ಇಳಿಸಿಕೊಂಡು ಬರುವ ನಾವು, ಅದು ನೋಂದಾಯಿತ ಮರುಬಳಕೆದಾರನಿಗೆ ಹೋಗುವುದೋ ಇಂತಹ ಬಯಲಿಗೆ ಹೋಗುವುದೋ ಎಂದು ಅಂಗಡಿಯವನನ್ನು ಕೇಳುವುದು ಅಪರೂಪ.

ಕಡೆಯದಾಗಿ, ಕೆಲಸ ಬಿಡುವವರ ವಿಚಾರ. ಭವಿಷ್ಯನಿಧಿ, ಗ್ರಾಚ್ಯುಟಿಗಳ ಲೆಕ್ಕವನ್ನು ಪೈಸೆ ಬಿಡದೆ ಕೇಳಿ ಪಡೆಯುವವರು ಅದೇ ದಿನ ತಮ್ಮ ರಕ್ತಪರೀಕ್ಷೆಗಳೆಲ್ಲದರ ನಕಲುಗಳನ್ನೂ ಕೇಳಿ ಪಡೆಯಬೇಕು. ಸೀಸದಿಂದ ಬಂದ ರೋಗವು ನೌಕರರ ರಾಜ್ಯವಿಮೆಯ ಕಾಯಿದೆಯಲ್ಲಿಯೂ 1923ರ ಪರಿಹಾರದ ಕಾಯಿದೆಯಲ್ಲಿಯೂ ಕಸುಬಿನ ರೋಗವೆಂದು ಮಾನ್ಯವಾಗುತ್ತ ಬಂದಿದೆ. ಹತ್ತು ವರ್ಷದ ಮೇಲೆ ಮೂತ್ರಪಿಂಡ ಕೆಟ್ಟಾಗ, ಅದು ಕೆಲಸದಿಂದಲೇ ಬಂದುದೆಂದು ತೋರಿಸುವುದಕ್ಕೆ ಆ ನಕಲುಗಳಲ್ಲದೆ ಬೇರೆ ಸಾಕ್ಷಿಯಿರುವುದಿಲ್ಲ. ಅಪಾಯಕರ ಪ್ರಕ್ರಿಯೆಯಲ್ಲಿ ದುಡಿದವನನ್ನು ಕೆಲಸಕ್ಕೆ ಹಚ್ಚುವ ಮೊದಲೂ, ದುಡಿಯುತ್ತಿರುವಾಗಲೂ ಪರೀಕ್ಷಿಸುವಂತೆ, ಆತನು ಕೆಲಸ ಬಿಟ್ಟ ಮೇಲೆಯೂ ಹನ್ನೆರಡು ತಿಂಗಳು ಮೀರದ ಅಂತರದಲ್ಲಿ ಪರೀಕ್ಷಿಸುವ ಏರ್ಪಾಡನ್ನು ಮಾಲೀಕನು ಮಾಡತಕ್ಕದ್ದೆಂದು 41-ಸಿ ಕಲಮು ವಿಧಿಸಿತು. ಕೆಲಸಗಾರರ ಸಂಘಗಳು ನಿವೃತ್ತರ ಪಟ್ಟಿಯೊಂದನ್ನು ಮಾಡಿ, ಈ ಪರೀಕ್ಷೆಗೆ ಅವರನ್ನು ವರ್ಷಕ್ಕೊಮ್ಮೆ ಕರೆಸಬೇಕೆಂದು ಮಾಲೀಕರಿಗೆ ಬರಹದಲ್ಲಿ ಕೇಳಿ, ಆ ಪತ್ರದ ಪ್ರತಿಯನ್ನು ನಿರೀಕ್ಷಕರ ಕಚೇರಿಗೂ ಕಳುಹಿಸುವುದಕ್ಕೆ ಯಾವ ಹೊಸ ಶಾಸನವೂ ಬೇಕಾಗಿಲ್ಲ.